ಹತ್ತು ಕ್ವಾಡ್ರಾಟ್ ಹಾಕಿದರೂ ಸ್ಯಾಂಪಲ್ ಒಂದೇ: ದೇವರಕಾಡು, ಕಾಫಿ ತೋಟಗಳ ಅಧ್ಯಯನಕ್ಕೆ ಇಳಿಯುವ ಮುನ್ನ

ಪ್ರಶ್ನೆ: ನಾವು ವಿರಾಜಪೇಟೆ ಕಡೆಯ ಮೂವರು ವಿದ್ಯಾರ್ಥಿಗಳು. ಪರಿಸರ ವಿಜ್ಞಾನದ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಒಂದು ದೇವರಕಾಡನ್ನೂ ಅದರ ಬದಿಯ ಕಾಫಿ ತೋಟವನ್ನೂ ಹೋಲಿಸಬೇಕೆಂದಿದ್ದೇವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸಮಯವಿದೆ. ಎರಡೂ ಕಡೆ ಹತ್ತು ಹತ್ತು ಕ್ವಾಡ್ರಾಟ್ (ಅಳತೆಗೆಂದು ಗುರುತಿಸಿದ ಚೌಕ) ಹಾಕಿ ಮರ ಅಳೆಯುವುದು, ಮಣ್ಣು ತೆಗೆಯುವುದು, ಅಲ್ಲೇ ಹರಿಯುವ ತೋಡಿನ ನೀರು ಪರೀಕ್ಷಿಸುವುದು ಎಂದು ಯೋಚನೆ. ಇಷ್ಟು ಸಾಕೇ? ಯಾವ ಉಪಕರಣ ಬೇಕು, ಎಲ್ಲಿ ತಪ್ಪುತ್ತದೆ?

ಉತ್ತರ: ಉಪಕರಣದ ವಿಷಯ ಆಮೇಲೆ. ನಿಮ್ಮ ಯೋಜನೆಯಲ್ಲಿ ಮೊದಲು ಸರಿಪಡಿಸಬೇಕಾದದ್ದು ಆ "ಒಂದು ದೇವರಕಾಡು, ಒಂದು ತೋಟ" ಎಂಬ ಮಾತು. ಕ್ವಾಡ್ರಾಟ್ ಹತ್ತಲ್ಲ, ಐವತ್ತು ಹಾಕಿದರೂ ನಿಮ್ಮ ಕೈಯಲ್ಲಿರುವುದು ಒಂದು ಕಾಡು, ಒಂದು ತೋಟ. ಒಂದೇ ಪಾತ್ರೆಯಿಂದ ಹತ್ತು ಅಗುಳು ಹಿಸುಕಿ ನೋಡಿದರೆ ಆ ಪಾತ್ರೆಯ ಅನ್ನ ಬೆಂದದ್ದು ಖಾತ್ರಿಯಾಗುತ್ತದೆ, ಪಕ್ಕದ ಮನೆಯ ಅನ್ನದ ವಿಷಯ ಅದರಿಂದ ತಿಳಿಯುವುದಿಲ್ಲ. ಹಾಗೆಯೇ ನಿಮ್ಮ ಇಪ್ಪತ್ತು ಕ್ವಾಡ್ರಾಟ್‌ಗಳಿಂದ "ಈ ಕಾಡಿಗೂ ಈ ತೋಟಕ್ಕೂ ಇಷ್ಟು ವ್ಯತ್ಯಾಸ" ಎನ್ನಬಹುದೇ ಹೊರತು "ದೇವರಕಾಡುಗಳಿಗೂ ಕಾಫಿ ತೋಟಗಳಿಗೂ" ಎನ್ನುವಂತಿಲ್ಲ. ಒಂದೇ ಜಾಗದ ಕ್ವಾಡ್ರಾಟ್‌ಗಳನ್ನು ಸ್ವತಂತ್ರ ಸ್ಯಾಂಪಲ್‌ಗಳೆಂದು ಲೆಕ್ಕ ಹಾಕುವ ಈ ದೋಷಕ್ಕೆ ಹುಸಿ ಪುನರಾವರ್ತನೆ ಎನ್ನುತ್ತಾರೆ. ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲೇ ಇದನ್ನು ವಿವರವಾಗಿ ಎತ್ತಿ ತೋರಿಸಿದ್ದರು. ಆದರೂ ವಿದ್ಯಾರ್ಥಿ ಪ್ರಬಂಧಗಳಲ್ಲಿ ಇಂದಿಗೂ ಕಾಣುವ ದೋಷ ಇದು. ವೈವಾ ದಿನ ಹೊರಗಿನ ಪರೀಕ್ಷಕರು ಹಿಡಿಯುವುದೂ ಇಲ್ಲೇ.

ಪರಿಹಾರ ದುಬಾರಿಯದಲ್ಲ. ಒಂದು ಜಾಗದಲ್ಲಿ ಹತ್ತು ಕ್ವಾಡ್ರಾಟ್ ಬದಲು ಆರು ಜೋಡಿ ಜಾಗಗಳಲ್ಲಿ ಎರಡೆರಡು ಹಾಕಿ. ಜೋಡಿ ಎಂದರೆ ಒಂದು ದೇವರಕಾಡು ಮತ್ತು ಅದರಿಂದ ಒಂದು ಕಿಲೋಮೀಟರ್‌ನೊಳಗಿನ ಒಂದು ತೋಟ. ಎತ್ತರ, ಇಳಿಜಾರು, ಮಣ್ಣು ಆದಷ್ಟು ಒಂದೇ ಬಗೆಯದಿರಲಿ. ಕೊಡಗಿನಲ್ಲಿ ಈ ಜೋಡಿ ಕಟ್ಟುವುದು ಅನಿವಾರ್ಯ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಹಲವು ಪಟ್ಟು ವ್ಯತ್ಯಾಸವಿದೆ. ಕಾಡುಗಳನ್ನು ಪಶ್ಚಿಮದಲ್ಲೂ ತೋಟಗಳನ್ನು ಪೂರ್ವದಲ್ಲೂ ಆರಿಸಿಕೊಂಡರೆ ನೀವು ಅಳೆಯುವುದು ಮಳೆಯ ವ್ಯತ್ಯಾಸವನ್ನೇ. ಆರೂ ತೋಟಗಳು ರೋಬಸ್ಟಾದವೇ ಆಗಿರಲಿ. ಅರೇಬಿಕಾಗೆ ಬಿಡುವ ನೆರಳೇ ಬೇರೆ, ಎರಡನ್ನೂ ಬೆರೆಸಿದರೆ ಆರು ಜೋಡಿ ಸಾಲುವುದಿಲ್ಲ.

ಆರೇ ಏಕೆ ಎಂದು ಕೇಳಬಹುದು. ಇಷ್ಟು ಕಡಿಮೆ ದತ್ತಾಂಶಕ್ಕೆ ಹೊಂದುವ ವಿಲ್ಕಾಕ್ಸನ್ ಜೋಡಿ ಪರೀಕ್ಷೆಯಲ್ಲಿ ಐದು ಜೋಡಿಗಳಿದ್ದು ಐದರಲ್ಲೂ ಕಾಡೇ ಮುಂದಿದ್ದರೂ ಸಿಗುವ ಅತಿ ಕಡಿಮೆ ಪಿ ಮೌಲ್ಯ (ವ್ಯತ್ಯಾಸವೇ ಇಲ್ಲದಿದ್ದರೂ ಆಕಸ್ಮಿಕವಾಗಿ ಇಂಥ ಫಲಿತಾಂಶ ಬರುವ ಸಂಭವ) 0.0625. ಅಂದರೆ ವ್ಯತ್ಯಾಸವನ್ನು ಒಪ್ಪಲು ವಾಡಿಕೆಯಾದ 0.05ರ ಗೆರೆಗಿಂತ ಕೆಳಗಿಳಿಯಲು ಸಾಧ್ಯವೇ ಇಲ್ಲ. ಆರು ಜೋಡಿಯಾದರೆ ಅದು 0.031ಕ್ಕೆ ಇಳಿಯುತ್ತದೆ. ಐದು ಜೋಡಿಗೆ ನಿಲ್ಲಿಸಿದವರ ನಾಲ್ಕು ತಿಂಗಳ ದುಡಿಮೆ ಲೆಕ್ಕದ ಮೇಜಿನಲ್ಲಿ ಮೊದಲೇ ಸೋತಿರುತ್ತದೆ. ಸಾಧ್ಯವಾದರೆ ಎಂಟಕ್ಕೆ ಹೋಗಿ, ಒಂದೆರಡು ಜೋಡಿ ಕೈಕೊಟ್ಟರೂ ಆರು ಉಳಿಯುತ್ತವೆ.

ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳು ದಾಖಲೆಯಲ್ಲಿವೆ, ಆಯ್ಕೆಗೆ ಕೊರತೆಯಿಲ್ಲ. ಆದರೆ ಬಹಳಷ್ಟು ತೀರಾ ಚಿಕ್ಕವು. ಒಂದು ಎಕರೆಯ ಚೌಕದ ಕಾಡಿನ ಒಂದು ಬದಿ ಸುಮಾರು 64 ಮೀಟರ್. ಅಂಚಿನಲ್ಲಿ ಬಿಸಿಲು, ಗಾಳಿ, ತೋಟದ ಗೊಬ್ಬರ ಎಲ್ಲವೂ ನುಗ್ಗುವುದರಿಂದ ಸುತ್ತ 20 ಮೀಟರ್ ಬಿಟ್ಟರೆ ಒಳಗೆ ಉಳಿಯುವುದು 24 ಮೀಟರ್ ಚೌಕ. ಅದರಲ್ಲಿ 20 × 20 ಮೀಟರ್‌ನ ಪ್ಲಾಟ್ (ಅಂದರೆ ಕ್ವಾಡ್ರಾಟ್) ಒಂದೇ ಹಿಡಿಯುತ್ತದೆ. ಎರಡು ಪ್ಲಾಟ್ ಬೇಕೆಂದರೆ ಎರಡು ಎಕರೆಗಿಂತ ಸಣ್ಣ ಕಾಡು ಬೇಡ, ಉದ್ದ ಪಟ್ಟಿಯಂತಿರುವುದೂ ಬೇಡ. ತೋಟದಲ್ಲೂ ರಸ್ತೆ, ಕಣ, ಕಾರ್ಮಿಕರ ಲೈನ್ ಮನೆಗಳಿಂದ ಅಷ್ಟೇ ದೂರ ಉಳಿಯಿರಿ.

ಪ್ಲಾಟ್ ಎಲ್ಲಿ ಹಾಕಬೇಕೆಂದು ಕಣ್ಣಂದಾಜಿನಲ್ಲಿ ತೀರ್ಮಾನಿಸಬೇಡಿ. ಮನುಷ್ಯನ ಕಾಲು ತಾನಾಗಿಯೇ ದಾರಿಯ ಹತ್ತಿರಕ್ಕೆ, ಮುಳ್ಳಿಲ್ಲದ ಕಡೆಗೆ, ದೊಡ್ಡ ಮರ ಕಂಡ ಕಡೆಗೆ ಹೋಗುತ್ತದೆ. ಮನೆಯಲ್ಲೇ ಕೂತು ನಕ್ಷೆಯ ಮೇಲೆ 20 ಮೀಟರ್ ಚೌಕಗಳ ಜಾಲ ಎಳೆದು ನಂಬರ್ ಕೊಟ್ಟು ಚೀಟಿ ಎತ್ತಿ. ಪ್ರತಿ ಜಾಗಕ್ಕೂ ಎರಡು ನಂಬರ್ ಜೊತೆಗೆ ಎರಡು ಮೀಸಲು ನಂಬರ್ ಇರಲಿ. ಚೀಟಿ ಬಿದ್ದ ಜಾಗ ಬಂಡೆಯಾಗಿದ್ದರೆ, ಕೊರಕಲಾಗಿದ್ದರೆ, ಗುಡಿಯ ಅಂಗಳವಾಗಿದ್ದರೆ ಮೀಸಲು ನಂಬರ್‌ಗೆ ಹೋಗುವುದು ಎಂಬ ನಿಯಮವನ್ನು ಕಾಡಿಗೆ ಕಾಲಿಡುವ ಮೊದಲೇ ಬರೆದಿಡಿ. "ಇಲ್ಲಿ ಮರ ಕಡಿಮೆ, ಇನ್ನೊಂದು ಕಡೆ ನೋಡೋಣ" ಎಂದು ಸ್ಥಳದಲ್ಲಿ ಬದಲಿಸಿದರೆ ಚೀಟಿ ಎತ್ತಿದ್ದಕ್ಕೆ ಅರ್ಥವಿಲ್ಲ.

ಇನ್ನು ಪ್ಲಾಟ್ ಕಟ್ಟುವ ಕೆಲಸ. ದಟ್ಟ ಮರದಡಿ ಫೋನಿನ ಜಿಪಿಎಸ್ ಐದರಿಂದ ಹತ್ತು ಮೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚು ತಪ್ಪುತ್ತದೆ. ಆದ್ದರಿಂದ ನಾಲ್ಕು ಮೂಲೆಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿದರೆ ಚೌಕ ಸೊಟ್ಟಗಾಗುವುದು ಖಂಡಿತ. ಜಿಪಿಎಸ್ ಬೇಕಿರುವುದು ಜಾಗ ತಲುಪಲು ಮತ್ತು ಒಂದು ಮೂಲೆಯನ್ನು ದಾಖಲಿಸಲು ಮಾತ್ರ. ಅದನ್ನು ದಶಮಾಂಶ ಡಿಗ್ರಿಯಲ್ಲಿ ಐದು ಸ್ಥಾನದವರೆಗೆ ಬರೆಯಿರಿ. ನಾಲ್ಕಕ್ಕೇ ನಿಲ್ಲಿಸಿದರೆ ಕೊನೆಯ ಅಂಕಿಯ ಒಂದು ಹೆಜ್ಜೆಯೇ ಹನ್ನೊಂದು ಮೀಟರ್ ಆಗುತ್ತದೆ. ಉಳಿದದ್ದೆಲ್ಲ ಟೇಪಿನ ಕೆಲಸ: ಫೈಬರ್‌ಗ್ಲಾಸ್‌ನ 30 ಮೀಟರ್ ಟೇಪ್ ಎರಡು, 85 ಮೀಟರ್ ನೈಲಾನ್ ಹಗ್ಗ, ಒಂದು ದಿಕ್ಸೂಚಿ. ಬಟ್ಟೆ ಟೇಪ್ ಇಬ್ಬನಿಯಲ್ಲಿ ನೆನೆದರೆ ಅದರ ಉದ್ದ ಬದಲಾಗುತ್ತದೆ, ಬೇಡ. ಮೂಲೆಯ ಲಂಬಕೋನಕ್ಕೆ ಒಂದು ಬದಿಯಲ್ಲಿ 6 ಮೀಟರ್, ಇನ್ನೊಂದರಲ್ಲಿ 8 ಮೀಟರ್ ಗುರುತು ಮಾಡಿ, ಎರಡರ ನಡುವೆ ಸರಿಯಾಗಿ 10 ಮೀಟರ್ ಬರಬೇಕು. ಕೊನೆಗೆ ಕರ್ಣ ಅಳೆಯಿರಿ, 28.28 ಮೀಟರ್. ಅರ್ಧ ಮೀಟರ್‌ಗಿಂತ ಹೆಚ್ಚು ತಪ್ಪಿದ್ದರೆ ಹಗ್ಗ ಬಿಚ್ಚಿ ಮತ್ತೆ ಕಟ್ಟಿ.

ನಮ್ಮ ಜಿಲ್ಲೆಯಲ್ಲಿ ಸಮತಟ್ಟು ಜಾಗ ಸಿಗುವುದು ಗದ್ದೆಯಲ್ಲಿ ಮಾತ್ರ, ಹಾಗಾಗಿ ಇಳಿಜಾರಿನ ಲೆಕ್ಕ ಬಿಡುವಂತಿಲ್ಲ. ಪ್ಲಾಟ್‌ನ ವಿಸ್ತೀರ್ಣ ಎಂದರೆ ನಕ್ಷೆಯ ಮೇಲಿನ ವಿಸ್ತೀರ್ಣ. 20 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲೆ 21.3 ಮೀಟರ್ ಎಳೆದರೆ ಮಾತ್ರ ನಕ್ಷೆಯಲ್ಲಿ 20 ಆಗುತ್ತದೆ. 30 ಡಿಗ್ರಿಗೆ 23.1 ಮೀಟರ್ ಬೇಕು. ಫೋನಿನ ಕ್ಲೈನೋಮೀಟರ್ ಆ್ಯಪ್‌ನಲ್ಲಿ ಕೋನ ನೋಡಿ 20ನ್ನು ಅದರ ಕೊಸೈನ್‌ನಿಂದ ಭಾಗಿಸಿದರೆ ಬೇಕಾದ ಉದ್ದ ಬರುತ್ತದೆ. ಇಳಿಜಾರಿನ ದಿಕ್ಕಿನ ಎರಡು ಬದಿಗಳಿಗಷ್ಟೇ ಈ ತಿದ್ದುಪಡಿ, ಅಡ್ಡ ಬದಿಗಳಿಗೆ ಬೇಡ. ಅಂಥ ಪ್ಲಾಟ್‌ನಲ್ಲಿ ಕರ್ಣವನ್ನೂ ಹೊಸ ಉದ್ದಕ್ಕೆ ತಕ್ಕಂತೆ ಲೆಕ್ಕ ಹಾಕಿಕೊಳ್ಳಿ.

ಮರ ಅಳೆಯುವುದು ಸುಲಭದ ಕೆಲಸವೆಂದು ಕಾಣುತ್ತದೆ, ಅಲ್ಲೇ ಹೆಚ್ಚು ತಪ್ಪುಗಳು ಸೇರುವುದು. 1.37 ಮೀಟರ್ ಉದ್ದದ ಒಂದು ಕೋಲು ಕತ್ತರಿಸಿಕೊಂಡು ಮೂವರೂ ಅದೇ ಕೋಲಿನಿಂದ ಎದೆಮಟ್ಟ ಗುರುತಿಸಿ. ಮೂವರ ಎದೆಮಟ್ಟ ಮೂರು ಎತ್ತರದಲ್ಲಿರುತ್ತದೆ. ಇಳಿಜಾರಿನಲ್ಲಿ ಕೋಲನ್ನು ಮೇಲ್ಬದಿಯಲ್ಲಿ ನಿಲ್ಲಿಸಬೇಕು. ವಾಲಿದ ಮರವಾದರೆ ಕಾಂಡದ ಗುಂಟ 1.37 ಅಳೆಯಬೇಕು. ಬೇರಿನ ಹಲಗೆಗಳು ಎದೆಮಟ್ಟಕ್ಕಿಂತ ಮೇಲೆ ಹೋಗಿದ್ದರೆ ಅವು ಮುಗಿದ ಜಾಗದಿಂದ 30 ಸೆಂಟಿಮೀಟರ್ ಮೇಲೆ ಅಳೆದು, ಎಷ್ಟು ಎತ್ತರದಲ್ಲಿ ಅಳೆದಿರೆಂದು ಬರೆಯಿರಿ. ಕೆಳಗೇ ಕವಲೊಡೆದ ಮರದಲ್ಲಿ ಪ್ರತಿ ಕವಲನ್ನೂ ಬೇರೆ ಬೇರೆ ಅಳೆದು, ವರ್ಗಗಳನ್ನು ಕೂಡಿ, ವರ್ಗಮೂಲ ತೆಗೆಯಿರಿ. ಸುತ್ತಳತೆಗಳನ್ನು ಸುಮ್ಮನೆ ಕೂಡಿದರೆ ಮರ ಇದ್ದದ್ದಕ್ಕಿಂತ ದಪ್ಪವಾಗುತ್ತದೆ. 30 ಸೆಂಟಿಮೀಟರ್ ಸುತ್ತಳತೆಗಿಂತ ಸಣ್ಣದನ್ನು ಮರದ ಪಟ್ಟಿಗೆ ಸೇರಿಸಬೇಡಿ. ಗಡಿಯ ಹಗ್ಗದ ಮೇಲೆ ನಿಂತ ಮರದ ಬುಡ ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಲೆಕ್ಕಕ್ಕೆ, ಇಲ್ಲವಾದರೆ ಇಲ್ಲ.

ತೋಟದ ಮರಗಳಲ್ಲಿ ಪುಸ್ತಕಗಳು ಹೇಳದ ಒಂದು ತೊಡಕಿದೆ: ಮೆಣಸಿನ ಬಳ್ಳಿ. ಹಲಸು, ನಂದಿ, ಸಿಲ್ವರ್ ಓಕ್ ಯಾವುದೇ ಇರಲಿ, ಹಳೆಯ ಬಳ್ಳಿ ಕಾಂಡಕ್ಕೆ ಸುತ್ತಲೂ ಹೆಣೆದುಕೊಂಡಿರುತ್ತದೆ. ಬಳ್ಳಿಯ ಮೇಲೆಯೇ ಟೇಪ್ ಸುತ್ತಿದರೆ ಸುತ್ತಳತೆ ಉಬ್ಬುತ್ತದೆ. ಬೇಸಲ್ ಏರಿಯಾ (ಎದೆಮಟ್ಟದಲ್ಲಿ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ) ಸುತ್ತಳತೆಯ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಆ ತಪ್ಪು ಇನ್ನೂ ದೊಡ್ಡದಾಗುತ್ತದೆ. ನಿಜವಾದ ಸುತ್ತಳತೆ 100 ಸೆಂಟಿಮೀಟರ್ ಇದ್ದು ನೀವು 120 ಎಂದು ಬರೆದರೆ ಬೇಸಲ್ ಏರಿಯಾ 796 ಚದರ ಸೆಂಟಿಮೀಟರ್ ಬದಲು 1146 ಆಗುತ್ತದೆ, ಶೇ. 44 ಹೆಚ್ಚು. ಅದೂ ತೋಟದ ಬದಿಗೆ ಮಾತ್ರ. ದೇವರಕಾಡಿನ ಮರಕ್ಕೆ ಯಾರೂ ಮೆಣಸು ಹಬ್ಬಿಸಿರುವುದಿಲ್ಲ. ಕಿರಿದಾದ ಟೇಪಿನ ತುದಿಯನ್ನು ಬಳ್ಳಿಯ ಅಡಿಯಿಂದ ನಿಧಾನವಾಗಿ ತೂರಿಸಿ. ಅಂಟುಬೇರು ಗಟ್ಟಿಯಾಗಿ ಹಿಡಿದಿದ್ದರೆ ಎಳೆಯಬೇಡಿ. ಬಳ್ಳಿ ಕಿತ್ತುಬಂದರೆ ಆ ತೋಟಕ್ಕೆ ಮತ್ತೆ ಪ್ರವೇಶವಿಲ್ಲ. ಹಾಗಿದ್ದಾಗ ಬಳ್ಳಿಯಿಲ್ಲದ ಎರಡು ಬದಿಗಳಿಂದ ಕ್ಯಾಲಿಪರ್ ಹಿಡಿದು ವ್ಯಾಸ ತೆಗೆದು, ಹಾಗೆ ತೆಗೆದದ್ದೆಂದು ಶೀಟಿನಲ್ಲಿ ಗುರುತು ಹಾಕಿ.

ಕಾಫಿ ಗಿಡವನ್ನು ಮರವೆಂದು ಎಣಿಸಬೇಡಿ, ಅದಕ್ಕೆ ಬೇರೆ ಕಾಲಂ. ಒಣಗಿ ನಿಂತ ಮರಕ್ಕೂ ಬೇರೆ ಕಾಲಂ. ಪ್ಲಾಟ್‌ನ ಒಟ್ಟು ಬೇಸಲ್ ಏರಿಯಾವನ್ನು 25ರಿಂದ ಗುಣಿಸಿದರೆ ಹೆಕ್ಟೇರ್ ಲೆಕ್ಕ ಸಿಗುತ್ತದೆ. ಸಸಿಗಳಿಗೆ ಪ್ಲಾಟ್‌ನೊಳಗೆ 5 × 5, ಮೊಳಕೆಗಳಿಗೆ 1 × 1 ಮೀಟರ್ ಚೌಕಗಳನ್ನು ಹಾಕುವುದು ವಾಡಿಕೆ. ತೋಟದಲ್ಲಿ ಅವು ಸೊನ್ನೆ ಬಂದರೆ ಬೀಜವೇ ಬೀಳುತ್ತಿಲ್ಲ ಎಂದು ತೀರ್ಮಾನಿಸಬೇಡಿ, ಕಳೆ ಕೊಚ್ಚಿದ್ದು ಯಾವಾಗ ಎಂದು ಮೊದಲು ಕೇಳಿ. ನೆರಳಿನ ಪ್ರಮಾಣ ಅಳೆಯುವವರು ಮರ ಕಪಾತು (ಕೊಂಬೆ ಸವರುವುದು) ಆದ ದಿನಾಂಕವನ್ನೂ ಕೇಳಿ ಬರೆದುಕೊಳ್ಳಬೇಕು. ಕಪಾತಾಗಿ ಎರಡು ತಿಂಗಳಾದ ತೋಟವನ್ನೂ ಹತ್ತು ತಿಂಗಳಾದ ತೋಟವನ್ನೂ ಒಂದೇ ಸಾಲಿನಲ್ಲಿಟ್ಟರೆ ತೋಟ ತೋಟಗಳ ನಡುವಿನ ವ್ಯತ್ಯಾಸವೆಲ್ಲ ಕತ್ತಿಯದ್ದೇ.

ಮರದ ಗುರುತಿಗೆ ಊರ ಹಿರಿಯರು ಹೇಳುವ ಹೆಸರು ಬರೆದುಕೊಳ್ಳಿ, ಅಷ್ಟಕ್ಕೇ ನಿಲ್ಲಬೇಡಿ. ತೊಗಟೆ, ಎಲೆಯ ಎರಡೂ ಬದಿ, ಎಲೆ ಜೋಡಣೆ, ಬಿದ್ದ ಕಾಯಿ ಇವಿಷ್ಟರ ಫೋಟೊ, ಜೊತೆಗೆ ಪ್ಲಾಟ್ ನಂಬರ್ ಬರೆದ ಚೀಟಿಯೂ ಚೌಕಟ್ಟಿನೊಳಗಿರಲಿ. ಗೊತ್ತಾಗದ ಮರಕ್ಕೆ "ಗೊತ್ತಿಲ್ಲ 7" ಎಂಬಂತೆ ನಂಬರ್ ಕೊಟ್ಟು ಎಲ್ಲ ಪ್ಲಾಟ್‌ಗಳಲ್ಲೂ ಅದೇ ನಂಬರ್ ಬಳಸಿ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಂಥ ಕಡೆ ಮರ ಬಲ್ಲವರಿಗೆ ತೋರಿಸಲು ಆ ಫೋಟೊಗಳೇ ಆಧಾರ. ದೇವರಕಾಡಿನಲ್ಲಿ ಟೊಂಗೆ ಮುರಿಯುವುದು, ಮೊಳೆ ಹೊಡೆಯುವುದು, ಬಣ್ಣ ಬಳಿಯುವುದು ಯಾವುದೂ ಕೂಡದು. ಗುರುತಿಗೆ ಸುಣ್ಣದ ಚುಕ್ಕೆ ಸಾಕು.

ಮಣ್ಣಿನದು ಚಿಕ್ಕ ಕೆಲಸ. ಪ್ರತಿ ಪ್ಲಾಟ್‌ನಲ್ಲಿ ಅಂಕುಡೊಂಕಾಗಿ ಹತ್ತು ಕಡೆ, ಮೇಲಿನ ದರಗು ಸರಿಸಿ, 0ಯಿಂದ 15 ಸೆಂಟಿಮೀಟರ್ ಆಳದ ಮಣ್ಣು ತೆಗೆದು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ. ನಾಲ್ಕು ಭಾಗ ಮಾಡಿ ಎದುರು ಬದುರಿನ ಎರಡು ಭಾಗ ಚೆಲ್ಲುತ್ತಾ ಅರ್ಧ ಕಿಲೋಗೆ ಇಳಿಸಿ, ನೆರಳಲ್ಲಿ ಒಣಗಿಸಿ. ತೋಟದಲ್ಲಿ ಕಾಫಿ ಬುಡದ ಗೊಬ್ಬರ ಹಾಕುವ ವೃತ್ತದಿಂದ ತೆಗೆಯಬೇಡಿ, ನಾಲ್ಕು ಗಿಡಗಳ ನಡುವಿನಿಂದ ತೆಗೆಯಿರಿ. ಸುಣ್ಣ ಹಾಕಿದ ವರ್ಷ ಕೇಳಿಕೊಳ್ಳದಿದ್ದರೆ ಪಿಎಚ್ ಅಂಕಿಗೆ ವಿವರಣೆಯೇ ಸಿಗುವುದಿಲ್ಲ.

ತೋಡಿನ ನೀರಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಕಾಡಿನೊಳಗಿಂದ ಹರಿದು ತೋಟಕ್ಕೆ ಬರುವ ಒಂದೇ ತೋಡಿನ ಮೇಲೊಂದು, ಕೆಳಗೊಂದು ಸ್ಯಾಂಪಲ್ ತೆಗೆದು "ತೋಟದಿಂದ ನೀರು ಕೆಟ್ಟಿತು" ಎನ್ನಲಾಗದು. ಕೆಳಕ್ಕೆ ಹೋದಂತೆ ನೀರು ಹೇಗೂ ಬದಲಾಗುತ್ತದೆ. ತೋಟವಿಲ್ಲದ ಇನ್ನೊಂದು ತೋಡಿನಲ್ಲೂ ಅಷ್ಟೇ ಅಂತರದ ಮೇಲೆ, ಕೆಳಗೆ ಸ್ಯಾಂಪಲ್ ತೆಗೆದು ಎರಡರ ವ್ಯತ್ಯಾಸವನ್ನು ಹೋಲಿಸಬೇಕು. ಸಮಯವೂ ಮುಖ್ಯ. ರೋಬಸ್ಟಾ ಕೊಯ್ಲು, ಪಲ್ಪಿಂಗ್ (ಹಣ್ಣಿನ ಸಿಪ್ಪೆ, ತಿರುಳು ಬಿಡಿಸುವುದು) ನಡೆಯುವುದು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ಪಲ್ಪರ್‌ನ ನೀರು ಆಮ್ಲೀಯ, ಅದರಲ್ಲಿ ಕೊಳೆಯುವ ಸಕ್ಕರೆ ಅಂಶ ಬಹಳ. ಅದೇ ತಿಂಗಳುಗಳಲ್ಲಿ ಹೂವಿಗಾಗಿ ಸ್ಪ್ರಿಂಕ್ಲರ್ ಹಾಕಲು ತೋಡಿನಿಂದಲೇ ಪಂಪ್ ಎಳೆಯುತ್ತಾರೆ, ಹರಿವು ಕುಗ್ಗುತ್ತದೆ. ಆದ್ದರಿಂದ ಡಿಸೆಂಬರ್‌ನಲ್ಲಿ ಪಲ್ಪಿಂಗ್ ಶುರುವಾಗುವ ಮುನ್ನ ಒಂದು ಸುತ್ತು ಸ್ಯಾಂಪಲ್ ತೆಗೆಯಲೇಬೇಕು. ಹರಿವು ಅಳೆಯದೆ ಬರೀ ಸಾಂದ್ರತೆ ಬರೆದರೆ ಕೊಳೆ ಹೆಚ್ಚಿತೋ ನೀರು ಕಡಿಮೆಯಾಯಿತೋ ಬೇರ್ಪಡಿಸಲು ಬರುವುದಿಲ್ಲ. ನೇರವಾಗಿ ಹರಿಯುವ 10 ಮೀಟರ್ ಉದ್ದ ಆರಿಸಿ, ಅರ್ಧ ಮುಳುಗುವ ಒಂದು ಕಿತ್ತಳೆ ಹಣ್ಣು ತೇಲಿಬಿಟ್ಟು ಐದು ಸಲ ಸಮಯ ನೋಡಿ. ಮೇಲ್ಮೈ ವೇಗವನ್ನು 0.85ರಿಂದ ಗುಣಿಸಿ, ಅಗಲ ಮತ್ತು ಸರಾಸರಿ ಆಳದೊಂದಿಗೆ ಗುಣಿಸಿದರೆ ಹರಿವು ಬರುತ್ತದೆ. ಮೊಣಕಾಲಿಗಿಂತ ಆಳವಿದ್ದರೆ ಇಳಿಯಬೇಡಿ.

ಸ್ಯಾಂಪಲ್‌ಗೆ ಕೆಳಗಿನ ಜಾಗದಿಂದ ಶುರುಮಾಡಿ ಮೇಲಕ್ಕೆ ಹೋಗಿ, ಹರಿವಿಗೆ ಮುಖ ಮಾಡಿ ನಿಂತು ಕಾಲಿನಿಂದ ದೂರಕ್ಕೆ ಬಾಟಲಿ ಚಾಚಿ. ಕರಗಿದ ಆಮ್ಲಜನಕಕ್ಕೆ ಮೀಟರ್ ಇಲ್ಲದಿದ್ದರೆ ವಿಂಕ್ಲರ್ ವಿಧಾನ ಸಾಕು, ಕಡಿಮೆ ಖರ್ಚಿನದು, ನಂಬಿಕೆಯದೂ ಹೌದು. 300 ಮಿಲಿಲೀಟರ್‌ನ ಬಿಒಡಿ ಬಾಟಲಿಯನ್ನು (ಗಾಜಿನ ಬಿರಡೆಯ ಬಾಟಲಿ) ನೀರೊಳಗೇ ಓರೆಯಾಗಿ ತುಂಬಿಸಿ, ಒಂದು ಗುಳ್ಳೆಯೂ ಉಳಿಯದಂತೆ ಅಲ್ಲೇ ಮುಚ್ಚಿ. ದಡಕ್ಕೆ ಬಂದ ಕೂಡಲೇ ಪಿಪೆಟ್ ತುದಿ ನೀರಿನೊಳಗಿಟ್ಟು 2 ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟ್, 2 ಮಿಲಿಲೀಟರ್ ಕ್ಷಾರೀಯ ಅಯೋಡೈಡ್ ಅಜೈಡ್ ಹಾಕಿ, ಮುಚ್ಚಿ, ತಲೆಕೆಳಗು ಮಾಡುತ್ತಾ ಕಲಕಿ. ಕಂದು ಬಣ್ಣದ ಗಸಿ ಕೂತರೆ ಆಮ್ಲಜನಕವಿದೆ. ಬೆಳ್ಳಗೇ ಉಳಿದರೆ ಇಲ್ಲವೆಂದೇ ಅರ್ಥ. ಇಷ್ಟನ್ನು ತೋಡಿನ ದಡದಲ್ಲೇ ಮಾಡದೆ ಬರೀ ನೀರನ್ನು ಕಾಲೇಜಿಗೆ ಹೊತ್ತೊಯ್ದರೆ ಸಿಗುವುದು ಬಸ್ಸಿನಲ್ಲಿ ಕುಲುಕಿದ ನೀರಿನ ಆಮ್ಲಜನಕ. ಬಾಟಲಿಯನ್ನು ಕತ್ತಲಲ್ಲಿಟ್ಟು ತಂದು ಅಂದೇ ಸಂಜೆ 2 ಮಿಲಿಲೀಟರ್ ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ ಗಸಿ ಕರಗಿಸಿ, 200 ಮಿಲಿಲೀಟರ್ ತೆಗೆದು 0.025 ನಾರ್ಮಲ್ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿ. ತಿಳಿಹಳದಿಗೆ ಬಂದಾಗ ಪಿಷ್ಟ ಹಾಕಿ, ನೀಲಿ ಮಾಯವಾಗುವಲ್ಲಿಗೆ ನಿಲ್ಲಿಸಿ. ಖರ್ಚಾದ ಪ್ರತಿ ಮಿಲಿಲೀಟರ್‌ಗೆ ಲೀಟರಿಗೆ 1 ಮಿಲಿಗ್ರಾಂ. ಆಮ್ಲ, ಅಜೈಡ್ ಎರಡೂ ಅಪಾಯಕಾರಿ. ಕೈಗವಸು, ಕನ್ನಡಕ ಬೇಕು. ಉಳಿದದ್ದನ್ನು ತೋಡಿಗೂ ಸಿಂಕಿಗೂ ಚೆಲ್ಲದೆ ಡಬ್ಬಿಯಲ್ಲಿ ಕಾಲೇಜಿಗೆ ಒಪ್ಪಿಸಿ.

ಅಂಕಿ ಓದುವಾಗ ಎತ್ತರ ನೆನಪಿರಲಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಮುದ್ರಮಟ್ಟದ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. ಮಡಿಕೇರಿಯ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಹಿಡಿಯುವುದು 8ರ ಆಸುಪಾಸು. ಅಲ್ಲಿ 7.8 ಬಂದ ನೀರನ್ನು ಸಮುದ್ರಮಟ್ಟದ ಕೋಷ್ಟಕ ನೋಡಿ ಕೆಟ್ಟಿದೆ ಎನ್ನುವವರಿದ್ದಾರೆ. ಎಲ್ಲ ಜಾಗಗಳಲ್ಲೂ ದಿನದ ಒಂದೇ ಹೊತ್ತಿಗೆ ತೆಗೆಯಿರಿ, ಮುಂಜಾನೆಗೂ ಮಧ್ಯಾಹ್ನಕ್ಕೂ ಆಮ್ಲಜನಕ ಏರಿಳಿಯುತ್ತದೆ. ಪಿಎಚ್ ಮೀಟರನ್ನು ಪ್ರತಿ ಬೆಳಿಗ್ಗೆ 7 ಮತ್ತು 4ರ ಬಫರ್‌ನಲ್ಲಿ ಸರಿಮಾಡಿ. ಬೆಟ್ಟದ ತೋಡುಗಳ ನೀರಿನಲ್ಲಿ ಲವಣ ಕಡಿಮೆಯಾದ್ದರಿಂದ ಮೀಟರ್ ನಿಲ್ಲಲು ಹೊತ್ತು ಹಿಡಿಯುತ್ತದೆ. ಮೊದಲು ಕಂಡ ಅಂಕಿ ಬರೆಯದೆ ಎರಡು ಮೂರು ನಿಮಿಷ ಕಾಯಿರಿ.

ಮಳೆಯ ದತ್ತಾಂಶಕ್ಕೆ ನೀವೇ ಮಾಪಕ ನೆಡುವ ಅಗತ್ಯವಿಲ್ಲ. ಕೊಡಗಿನ ಎಷ್ಟೋ ತೋಟಗಳಲ್ಲಿ ದಶಕಗಳ ಮಳೆ ಪುಸ್ತಕಗಳಿವೆ, ಕೇಳಿದರೆ ಸಂತೋಷದಿಂದ ತೋರಿಸುತ್ತಾರೆ. ಅಲ್ಲಿ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿರುತ್ತದೆ: ನೂರು ಸೆಂಟಿಗೆ ಒಂದಿಂಚು, ಒಂದಿಂಚಿಗೆ 25.4 ಮಿಲಿಮೀಟರ್. "2–40" ಎಂದಿದ್ದರೆ ಅದು 61 ಮಿಲಿಮೀಟರ್. ಓದುವ ಹೊತ್ತು ಯಾವುದು, ಮಾಪಕದ ಮೇಲೆ ಈಚೆಗೆ ಮರ ಬೆಳೆದು ಬಾಗಿದೆಯೇ ಎಂದು ನೋಡಿಕೊಳ್ಳಿ. ಖಾಲಿ ಬಿಟ್ಟ ದಿನ ಮಳೆ ಬರಲಿಲ್ಲವೋ, ಬರೆಯುವವರು ಊರಲ್ಲಿರಲಿಲ್ಲವೋ ಎಂದೂ ಕೇಳಿ.

ನಿಮ್ಮ ಪುಸ್ತಕದಲ್ಲೂ ಇದೇ ನಿಯಮ: ನೋಡಿ ಇಲ್ಲದ್ದಕ್ಕೆ 0, ನೋಡದೇ ಇದ್ದದ್ದಕ್ಕೆ ಅಡ್ಡಗೆರೆ. ಪೆನ್ಸಿಲ್‌ನಲ್ಲಿ ಬರೆಯಿರಿ, ಅಳಿಸಬೇಡಿ, ತಪ್ಪಿದ್ದನ್ನು ಒಂದು ಗೆರೆಯಿಂದ ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಪ್ರತಿ ಪ್ಲಾಟ್‌ನಲ್ಲಿ ಹತ್ತರಲ್ಲೊಂದು ಮರವನ್ನು ಇನ್ನೊಬ್ಬರು ಮೊದಲ ಅಂಕಿ ನೋಡದೆ ಮತ್ತೆ ಅಳೆಯಲಿ. ಪುಟಗಳ ಫೋಟೊ ಅಂದಂದೇ ಮೂವರ ಫೋನಿಗೂ ಹೋಗಲಿ. ವಿಶ್ಲೇಷಣೆಯಲ್ಲಿ ಎರಡು ಪ್ಲಾಟ್‌ಗಳ ಸರಾಸರಿ ತೆಗೆದು ಜಾಗಕ್ಕೊಂದೇ ಅಂಕಿ ಇಡಿ. 24 ಪ್ಲಾಟ್‌ಗಳನ್ನು 24 ಎಂದು ಕಂಪ್ಯೂಟರಿಗೆ ಕೊಟ್ಟರೆ ಮೊದಲು ಹೇಳಿದ ದೋಷವೇ ಹಿಂಬಾಗಿಲಿಂದ ಬರುತ್ತದೆ.

ಅನುಮತಿಗೆ ನವೆಂಬರ್‌ನಲ್ಲೇ ಓಡಾಡಿ. ದೇವರಕಾಡಿಗೆ ಊರಿನ ತಕ್ಕರನ್ನೂ (ಪಾರಂಪರಿಕ ಮುಖ್ಯಸ್ಥರು) ದೇವಸ್ಥಾನ ಸಮಿತಿಯನ್ನೂ ಕಂಡು, ಯಾವ ದಿನ ಹೋಗಬಾರದು, ಎಲ್ಲಿಯವರೆಗೆ ಚಪ್ಪಲಿ ಹಾಕಬಹುದು, ಗುಡಿಯಿಂದ ಎಷ್ಟು ದೂರ ಇರಬೇಕು ಎಂದು ಕೇಳಿ ಅದರಂತೆ ನಡೆಯಿರಿ. ಅರಣ್ಯ ಇಲಾಖೆಯ ವಲಯ ಕಚೇರಿಗೂ ಕಾಲೇಜಿನ ಪತ್ರ ಕೊಡಿ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿಯಂಥ ಅಭಯಾರಣ್ಯದೊಳಗೆ ಕೆಲಸವಾದರೆ 1972ರ ವನ್ಯಜೀವಿ ಕಾಯ್ದೆಯಡಿ ಬೇರೆಯೇ ಅನುಮತಿ ಬೇಕು, ಅದಕ್ಕೆ ತಿಂಗಳುಗಳು ಹಿಡಿಯಬಹುದು. ನಾಲ್ಕು ತಿಂಗಳ ಪ್ರಾಜೆಕ್ಟ್‌ಗೆ ಅಭಯಾರಣ್ಯದ ಹೊರಗಿನ ಕಾಡುಗಳನ್ನೇ ಆರಿಸಿಕೊಳ್ಳುವುದು ಜಾಣತನ.

ಸಿದ್ದಾಪುರ, ಪಾಲಿಬೆಟ್ಟ ಕಡೆಯ ತೋಟಗಳಲ್ಲಿ ಆನೆ ಹಗಲಲ್ಲೂ ಕಾಫಿ ಸಾಲಿನೊಳಗೆ ನಿಂತಿರುತ್ತದೆ, ಹತ್ತು ಮೀಟರ್‌ಗೆ ಬಂದರೂ ಕಾಣುವುದಿಲ್ಲ. ಹೊರಡುವ ಮುನ್ನ ತೋಟದ ರೈಟರಿಗೆ (ಕೆಲಸದ ಉಸ್ತುವಾರಿ ನೋಡುವವರು) ಫೋನ್ ಮಾಡಿ, ಕೊಯ್ಲಿನವರು ಅಂದು ಯಾವ ಬ್ಲಾಕ್‌ಗೆ ಹೋಗಿಲ್ಲ, ಯಾಕೆ ಹೋಗಿಲ್ಲ ಎಂದು ಕೇಳಿ. ಆನೆ ಇದೆ ಎಂದರೆ ಆ ಪ್ಲಾಟ್ ಆ ದಿನಕ್ಕೆ ಬೇಡ, ಇನ್ನೊಂದು ಜೋಡಿಯ ಕೆಲಸ ಮುಗಿಸಿ. ಪ್ಲಾಟ್ ಕೆಲಸ ಮುಂದಕ್ಕೆ ಹೋದ ಕಾರಣವನ್ನು ತಾರೀಖಿನ ಸಮೇತ ಪುಸ್ತಕದಲ್ಲಿ ಬರೆಯಿರಿ. ಸಂಜೆ ನಾಲ್ಕಕ್ಕೆ ಟೇಪ್ ಸುತ್ತಿ ರಸ್ತೆಗೆ ಬಂದುಬಿಡಿ.